ಬೂಟು ಬಿಡದ ಬಳೆ

ರಾಣೇಬೆನ್ನೂರಿನಲ್ಲಿ ಹೊಸ ಮೋಟರ್‌ಸೈಕಲ್ ಕೊಂಡವರು ಮೊದಲು ಗುಡಿಗೆ ಹೋಗಿ ಪೂಜೆ ಮಾಡಿಸುತ್ತಿದ್ದರು, ಆಮೇಲೆ ಹರಿಹರನ ತಗಡಿನ ಶೆಡ್ಡಿಗೆ ಬರುತ್ತಿದ್ದರು. ಮುಂದೆ ಲೆಗ್‌ಗಾರ್ಡ್, ಹಿಂದೆ ಸೆರಗು ಗಾಲಿಗೆ ಸಿಗದಂತೆ ಜಾಲರಿ, ಹೆಂಗಸರು ಒಂದೇ ಬದಿಗೆ ಕುಳಿತರೆ ಕಾಲಿಡಲು ಒಂದು ಪಟ್ಟಿ. ಪೈಪು ಬಗ್ಗಿಸಿ, ಬೆಸುಗೆ ಹಾಕಿ, ಉಜ್ಜಿ, ಬಣ್ಣ ಬಳಿದು ಕೂರಿಸುವುದು ಅವನ ಕಸುಬು. ಓದಿದ್ದು ಏಳನೇ ಇಯತ್ತೆ. ಅವನು ಹಾಕಿದ ಲೆಗ್‌ಗಾರ್ಡಿಗೆ ಲಾರಿ ತಾಗಿದರೆ ಲಾರಿಯ ಬಂಪರೇ ಡೊಂಕಾಗುತ್ತದೆ ಎಂದು ಊರಲ್ಲಿ ಮಾತಿತ್ತು. ಆ ಮಾತನ್ನು ಹಬ್ಬಿಸಿದವರಲ್ಲಿ ಅವನೂ ಒಬ್ಬ.

ಇನ್ನೊಂದು ಮಾತೂ ಇತ್ತು, ಅವನ ಸಿಟ್ಟಿನದು. ಗಿರಾಕಿ ಯಾರಾದರೂ 'ಇಲ್ಲಿ ಒಂದೀಟು ಬಗ್ಗಿಸಿದ್ರ ಚಲೋ ಇತ್ತು' ಎಂದರೆ ಸಾಕು, ವೆಲ್ಡಿಂಗ್ ಹೋಲ್ಡರನ್ನು ಅವರ ಕೈಗೇ ತುರುಕಿ, 'ತಗೋರಿ, ನೀವ ಮಾಡ್ಕೋರಿ. ನಾ ಚಾ ಕುಡದು ಬರ್ತೇನಿ' ಎಂದು ನಿಜವಾಗಿಯೂ ಹೊರಟುಬಿಡುತ್ತಿದ್ದ. ಹಾಗೆ ಸಿಕ್ಕಿಬಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರನಿಗೆ ಹೆಂಡತಿ ಜಲಜಾ ಮಜ್ಜಿಗೆ ಕೊಟ್ಟು, 'ಕುಂದರ್ರಿ ಸಾಹೇಬ್ರ, ಸಿಟ್ಟು ಇಳದ ಮ್ಯಾಲ ಬರ್ತಾರ' ಎಂದು ಕೂರಿಸಿಕೊಂಡಿದ್ದಳು.

ಶೋರೂಮಿನವರೇ ಗಾರ್ಡು ಹಾಕಿ ಕೊಡತೊಡಗಿದ ಮೇಲೆ ಶೆಡ್ಡು ತಣ್ಣಗಾಯಿತು. ಜಪಾನಿಗೆ ಬೆಸುಗೆಯವರು ಬೇಕಂತೆ, ಡಿಗ್ರಿ ಕೇಳುವುದಿಲ್ಲವಂತೆ, ಭಾಷೆಯ ಪರೀಕ್ಷೆಯೊಂದು ಕೈ ಪರೀಕ್ಷೆಯೊಂದು ಪಾಸಾದರೆ ಸಾಕಂತೆ ಎಂದು ಯಾರೋ ಹೇಳಿದರು. ನಲವತ್ತು ದಾಟಿದ ಹರಿಹರ ಬೆಂಗಳೂರಿಗೆ ಹೋಗಿ ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂತು ಜಪಾನಿ ಕಲಿತ. ಭಾಷೆಯ ಪರೀಕ್ಷೆಯಲ್ಲಿ ಒಮ್ಮೆ ಕುಸಿದ, ಮತ್ತೆ ಎದ್ದ. ಕೈ ಪರೀಕ್ಷೆಯಲ್ಲಿ ಅವನ ಬೆಸುಗೆಯನ್ನು ನೋಡಿದ ಪರೀಕ್ಷಕರು ಪಕ್ಕದವರನ್ನು ಕರೆದು ತೋರಿಸಿದರು. ಅವನು ಬಂದು ಸೇರಿದ್ದು ಇಶಿಕಾವಾ ಪ್ರಾಂತ್ಯದಲ್ಲಿ, ಹಕುಸಾನ್ ಬೆಟ್ಟದ ತಪ್ಪಲಿನಲ್ಲಿ, ಕಿತಾಮುರಾ ಸಾನ್ ಎಂಬ ಯಜಮಾನರ ಕಬ್ಬಿಣದ ಕಾರ್ಖಾನೆಗೆ. ಸಾನ್ ಅಂದರೆ ನಮ್ಮ ಕಡೆಯ ರಾಯರು, ಸಾಹೇಬರು ಇದ್ದ ಹಾಗೆ. ಬೇಸಿಗೆಯಲ್ಲಿ ಭತ್ತ ನಾಟಿ ಮಾಡುವ ಯಂತ್ರಗಳ ರಿಪೇರಿ. ಚಳಿಗಾಲದಲ್ಲಿ, ಮೇಲೆ ಹಿಮದಲ್ಲಿ ಜಾರಿ ಆಡುವ ಸ್ಕೀ ಮೈದಾನದ ಗಾಡಿಗಳ ರಿಪೇರಿ.

ಆ ಗಾಡಿಗಳಲ್ಲಿ ಸ್ನೋಮೊಬೈಲ್ ಎಂಬುದನ್ನು ಕಂಡಾಗ ಹರಿಹರನಿಗೆ ತವರಿನವರು ಸಿಕ್ಕಂತಾಯಿತು. ಮುಂದೆ ಗಾಲಿಯ ಬದಲು ಎರಡು ಸ್ಕೀ, ಹಿಂದೆ ರಬ್ಬರಿನ ಅಗಲ ಪಟ್ಟಿ, ನಡುವೆ ಮಾತ್ರ ಥೇಟು ಮೋಟರ್‌ಸೈಕಲ್ಲು, ಅದೇ ಸೀಟು, ಅದೇ ಹ್ಯಾಂಡಲ್ಲು. ಎರಡೂ ಬದಿಗೆ ಕಾಲಿಡುವ ಹಲಗೆ, ಹಲಗೆಯ ಮುಂತುದಿಯಲ್ಲಿ ಬೂಟಿನ ಮೂತಿ ತೂರಿಸಲು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ಬಿದ್ದವರನ್ನು ಎತ್ತಿ ತರುವ ಗಸ್ತಿನವರು ಅದನ್ನು ಓಡಿಸುತ್ತಾರೆ. ಇಳಿಜಾರಿಗೆ ಅಡ್ಡಲಾಗಿ ಹೋಗುವಾಗ ಕಾಲು ಜಾರುತ್ತದೆ ಎಂದು ಅವರು ಹೇಳಿದರು. ಕಿತಾಮುರಾ ಸಾನ್ ಅದನ್ನು ಹರಿಹರನಿಗೆ ದಾಟಿಸಿದರು: "ಹರಿ ಸಾನ್, ಕಾಲು ಸ್ವಲ್ಪ ನಿಲ್ಲುವ ಹಾಗೆ ಏನಾದರೂ ಮಾಡಬಹುದೇ?"

ಹರಿಹರ ಮೊದಲು ಮಾಡಿದ ಕೆಲಸವೆಂದರೆ ಆ ಪ್ಲಾಸ್ಟಿಕ್ ಪಟ್ಟಿಗಳನ್ನು ಕಿತ್ತು ರದ್ದಿಗೆ ಎಸೆದದ್ದು. ಆಮೇಲೆ ಒಂದಿಂಚಿನ ಪೈಪು ಬಗ್ಗಿಸಿದ. ಪಾದದ ಮೇಲೆ ಹಾಯುವ ಒಂದು ಬಳೆ, ಹೊರಬದಿಗೆ ಹಿಮ್ಮಡಿಯವರೆಗೆ ಬರುವ ಒಂದು ತಡೆ. ಊರಿನ ಲೆಗ್‌ಗಾರ್ಡು ಮತ್ತು ಸೀರೆಯ ಜಾಲರಿ ಎರಡನ್ನೂ ಕೂಡಿಸಿದ ಹಾಗಿತ್ತು. ಅವನ ಕಸುಬು ಅವನಿಗೆ ಕಲಿಸಿದ್ದು ಒಂದೇ ಪಾಠ: ಕಾಲು ಗಾಡಿಯ ಒಳಗಿರಬೇಕು. ಹೊರಗೆ ಚಾಚಿದ ಕಾಲಿಗೆ ಬಸ್ಸಿದೆ, ಎತ್ತಿನಗಾಡಿಯಿದೆ, ರಸ್ತೆಯ ಕಲ್ಲಿದೆ. ನಾಲ್ಕು ಗಾಡಿಗೂ ಬಳೆ ಕೂರಿಸಿ, ಕಪ್ಪು ಬಣ್ಣ ಹೊಡೆದು ನಿಲ್ಲಿಸಿದಾಗ ಅವು ಮದುಮಕ್ಕಳ ಹಾಗೆ ಕಂಡವು.

ಗಸ್ತಿನ ಹಿರಿಯ ಓಕುದಾ ಸಾನ್ ನೋಡಲು ಬಂದರು. ಅರವತ್ತರ ಆಸುಪಾಸಿನ ಸಣಕಲು ಮನುಷ್ಯ, ಬೆಟ್ಟದಲ್ಲೇ ಹುಟ್ಟಿದವರು. ಬಳೆಯೊಳಗೆ ಬೂಟು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಹಲ್ಲಿನ ಸಂದಿಯಿಂದ ಉಸಿರು ಒಳಗೆ ಎಳೆದುಕೊಂಡು ಕತ್ತು ಓರೆ ಮಾಡಿದರು.

"ಬಹಳ ಗಟ್ಟಿಯಾಗಿದೆ. ಆದರೆ ಹಿಮದ ಬೂಟಿಗೆ, ಸ್ವಲ್ಪ..." ಎಂದು ಅಲ್ಲಿಗೇ ಬಿಟ್ಟರು.

ಆ ನಾಡಿನಲ್ಲಿ ಅರ್ಧಕ್ಕೆ ಬಿಟ್ಟ ಮಾತೇ ಪೂರ್ತಿ ಮಾತು ಎಂಬುದು ಹರಿಹರನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಗೊತ್ತಿದ್ದೇ ಅವನ ಮೂಗಿನ ತುದಿ ಕೆಂಪಾಯಿತು. ಸುತ್ತಿಗೆ ಎತ್ತಿಕೊಂಡು ಬಳೆಯ ಮೇಲೆ ಎರಡು ಏಟು ಹಾಕಿದ. ಕಾರ್ಖಾನೆಯ ಶೆಡ್ಡೆಲ್ಲ ಗಣಗಣ ಎಂದಿತು. "ನೋಡಿ, ಬಗ್ಗಲ್ಲ. ಏನೂ ಆಗಲ್ಲ" ಎಂದು ಒರಟು ಜಪಾನಿಯಲ್ಲಿ ಹೇಳಿ, ಉಳಿದದ್ದನ್ನು ಕನ್ನಡದಲ್ಲಿ ಗೊಣಗಿದ. ಓಕುದಾ ಸಾನ್ ಬಾಗಿ ವಂದಿಸಿ, ಕೀಲಿ ತೆಗೆದುಕೊಂಡು ಹೋದರು.

ಫೆಬ್ರವರಿಯ ಒಂದು ಸಂಜೆ, ಮೈದಾನ ಮುಚ್ಚುವ ಹೊತ್ತು. ಓಕುದಾ ಸಾನ್ ಕೊನೆಯ ಸುತ್ತು ಹೊರಟಿದ್ದರು. ದೇವದಾರು ಮರಗಳ ಅಂಚಿನಲ್ಲಿ ಮೆತ್ತಗಿದ್ದ ಹಿಮ ಕುಸಿದು ಗಾಡಿ ಎಡಕ್ಕೆ ವಾಲಿತು. ಇದು ದೊಡ್ಡ ಸಂಗತಿಯಲ್ಲ. ಸ್ನೋಮೊಬೈಲು ಬೀಳುವುದು ನಿಧಾನಕ್ಕೆ, ಮುದಿ ಎಮ್ಮೆ ಮಲಗಿದ ಹಾಗೆ. ಓಡಿಸುವವನು ಕಾಲು ಎಳೆದುಕೊಂಡು ಹಿಮಕ್ಕೆ ಹಾರುತ್ತಾನೆ, ಬಟ್ಟೆ ಕೊಡವಿಕೊಂಡು ಗಾಡಿ ಎತ್ತುತ್ತಾನೆ. ಓಕುದಾ ಸಾನ್ ಕೂಡ ಹಾರಿದರು. ಮೈ ಹಿಮಕ್ಕೆ ಹೋಯಿತು, ಎಡಗಾಲಿನ ಬೂಟು ಬಳೆಯಲ್ಲೇ ಉಳಿಯಿತು. ಗಾಡಿಯ ಭಾರವೆಲ್ಲ ಆ ಕಾಲಿನ ಮೇಲೆ ತಿರುಗಿ ಕೂತಿತು. ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದವು. ಸಂಗಡಿಗರು ಬಂದು ಎಷ್ಟು ಜಗ್ಗಿದರೂ ಬೂಟು ಬರಲಿಲ್ಲ. ಬಳೆ ಬಗ್ಗಲೂ ಇಲ್ಲ. ಕಡೆಗೆ ಕಟರು ತಂದು ಅದನ್ನು ಕೊಯ್ದು ಬಿಡಿಸಿದರು.

ಮರುದಿನ ಬೆಳಗ್ಗೆ ಕಾರ್ಖಾನೆಯಲ್ಲಿ ಎಲ್ಲರೂ ಸಾಲಾಗಿ ನಿಂತಾಗ ಹರಿಹರ ಮೈಯೆಲ್ಲ ಬಿಗಿದುಕೊಂಡು ಕಾದ. ಈಗ ಬೈಯುತ್ತಾರೆ, ಬೈಯಲಿ, ನಾನೂ ಎರಡು ಮಾತಾಡುತ್ತೇನೆ ಎಂದು ಉತ್ತರ ಸಿದ್ಧ ಮಾಡಿಕೊಂಡಿದ್ದ. ಕಿತಾಮುರಾ ಸಾನ್ ಎಲ್ಲರ ಎದುರು ಸೊಂಟ ಬಗ್ಗಿಸಿ, "ನನ್ನ ಮೇಲ್ವಿಚಾರಣೆ ಸಾಲದೆ ಹೋಯಿತು, ಕ್ಷಮಿಸಿ" ಎಂದರು. ಅಷ್ಟೇ. ಅವನ ಹೆಸರೇ ಬರಲಿಲ್ಲ. ಬಳೆಯ ಮಾತೇ ಬರಲಿಲ್ಲ. ಚಾ ಹೊತ್ತಿನಲ್ಲಿ ಮಾತ್ರ ಪಕ್ಕಕ್ಕೆ ಬಂದು, "ಹರಿ ಸಾನ್, ಬಿಡುವಾದಾಗ ಆ ಕಾಲುಹಿಡಿಯ ಬಗ್ಗೆ ಒಮ್ಮೆ ಯೋಚಿಸಿದರೆ ಹೇಗೆ" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದರು.

ಬೈದಿದ್ದರೆ ಹಗುರಾಗುತ್ತಿತ್ತು. ಮಾಡು ಎಂದು ಹೇಳಿಲ್ಲವಲ್ಲ, ಯೋಚಿಸು ಎಂದಿದ್ದಾರೆ, ಯೋಚಿಸುತ್ತೇನೆ ಎಂದು ಹರಿಹರ ಹಟಕ್ಕೆ ಬಿದ್ದ. ಉಳಿದ ಮೂರು ಗಾಡಿಗಳ ಬಳೆ ಹಾಗೆಯೇ ಉಳಿಯಿತು. ಫೋನಿನಲ್ಲಿ ಜಲಜಾಳಿಗೂ ಹಾಗೆಯೇ ಹೇಳಿದ.

"ಮುದುಕಗ ಓಡಸಾಕ ಬರಲಿಲ್ಲ. ನಾ ಹಾಕಿದ ಬಳಿ ಮುರದಿಲ್ಲ, ಬಗ್ಗಿಲ್ಲ, ಹಂಗ ಐತಿ."

"ಬಳಿ ಮುರಿಲಿಲ್ಲ ಅಂತನ ಕಾಲು ಮುರದದ್ದಲ್ರೀ," ಎಂದಳು ಜಲಜಾ. "ಹೋಗಿ ಮಾತಾಡಿಸಿ ಬಂದ್ರಿಲ್ಲೋ?"

ಅವನು ಫೋನಿಟ್ಟ. ಆದರೆ ಆ ಮಾತು ಫೋನಿನ ಜೊತೆ ಆರಲಿಲ್ಲ.

ಓಕುದಾ ಸಾನ್ ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದು, ಅವರನ್ನು ನೋಡಲು ಹೋಗಲೆಂದು ಭಾನುವಾರ ಪಕ್ಕದ ಊರು ನೋಮಿಯಿಂದ ಸಿಂಧೂರಾಳನ್ನು ಕರೆಸಿಕೊಂಡ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಮೈಸೂರಿನ ಹುಡುಗಿ. ದೀಪಾವಳಿಗೆ ಅಲ್ಲಿನ ಕನ್ನಡದವರು ಸೇರಿದಾಗ ಪರಿಚಯವಾದವಳು, ಜಪಾನಿ ಚೆನ್ನಾಗಿ ಬಲ್ಲವಳು. ದಾರಿಯಲ್ಲಿ ಅವಳೇ ಕಾರು ನಿಲ್ಲಿಸಿ ಅವನ ಕೈಯಿಂದ ಸಿಹಿಯ ಡಬ್ಬಿ ಕೊಳ್ಳಿಸಿದಳು.

"ಅಂಕಲ್, ಪ್ಲೀಸ್, ಅಲ್ಲಿ ಜೋರಾಗಿ ಮಾತಾಡ್ಬೇಡಿ. ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ ಅಲ್ವಾ."

"ನನ್ನ ದನಿನ ಹಿಂಗವ್ವಾ. ಮೋಟರ್ ಸದ್ದಿನಾಗ ಬೆಳದ ದನಿ."

"ಮತ್ತೆ, ನಿಮ್ ಡಿಸೈನ್ ಸರಿ ಇತ್ತು ಅಂತ ಆರ್ಗ್ಯೂ ಮಾಡ್ಬೇಡಿ."

"ಅದನ್ನ ಯಾರ್ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನಿಮ್ ಮುಖ ನೋಡಿದ್ರೆ ಗೊತ್ತಾಗುತ್ತೆ."

ಓಕುದಾ ಸಾನ್ ಮನೆಯ ಬಾಗಿಲೊಳಗೆ ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಜೊತೆ ಹಿಮದ ಬೂಟು ಇತ್ತು. ಬಲಗಾಲಿನದು ಒರೆಸಿ ಇಟ್ಟದ್ದು. ಎಡಗಾಲಿನದನ್ನು ಆಸ್ಪತ್ರೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕತ್ತರಿಸಿದ್ದರು, ಸೀಳಿದ ಮೀನಿನ ಹಾಗೆ ಬಾಯಿ ಬಿಟ್ಟು ಬಿದ್ದಿತ್ತು. ಹರಿಹರ ಮೊದಲ ಸಲ ಆ ಬೂಟನ್ನು ನೋಡುವ ಹಾಗೆ ನೋಡಿದ. ದಪ್ಪ ಅಟ್ಟೆ, ಅದರ ಕೆಳಗೆ ಹಲ್ಲು ಹಲ್ಲಾದ ರಬ್ಬರು, ಹಿಮ್ಮಡಿಯಲ್ಲಿ ಉಬ್ಬು, ಮೇಲೆ ಕೊಕ್ಕೆಗಳು. ಬಳೆ ಮಾಡುವಾಗ ಅವನು ಅಳತೆಗೆ ತೂರಿಸಿ ನೋಡಿದ್ದು ತನ್ನ ಕಾಲನ್ನು, ಶೆಡ್ಡಿನೊಳಗಿನ ನುಣ್ಣನೆಯ ಜೋಡಿನಲ್ಲಿ. ಈ ಬೂಟು ಮುಂದಕ್ಕೆ ಒತ್ತಿದರೆ ಬಳೆಯೊಳಗೆ ಹೋಗುತ್ತದೆ, ಹಿಂದಕ್ಕೆ ಬರುವಾಗ ಆ ಉಬ್ಬೂ ಆ ಕೊಕ್ಕೆಯೂ ಹಿಡಿಯುತ್ತವೆ. ಹೊರಬದಿಗೆ ಹೋಗೋಣವೆಂದರೆ ಅವನ ತಡೆಯಿದೆ. ಇದು ಇಲಿಬೋನಿನ ಲೆಕ್ಕ. ಎಳೇ ಹುಡುಗನಿಗೂ ತಿಳಿಯುವಂಥದ್ದು.

ಓಕುದಾ ಸಾನ್ ಕುರ್ಚಿಯಲ್ಲಿ ಕೂತು ಪ್ಲಾಸ್ಟರಿನ ಕಾಲನ್ನು ಮಣೆಯ ಮೇಲೆ ಚಾಚಿದ್ದರು. ಹರಿಹರ ಹೇಳಬೇಕೆಂದು ಕಲಿತು ಬಂದಿದ್ದ ಜಪಾನಿ ಮಾತು ಮರೆತುಹೋಯಿತು. ಊರಿನ ಅಭ್ಯಾಸ ಮೈಯನ್ನು ಬಗ್ಗಿಸಿತು. ನೆಲಕ್ಕೆ ಮೊಣಕಾಲೂರಿ, ಪ್ಲಾಸ್ಟರನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಓಕುದಾ ಸಾನ್ ಗಾಬರಿಯಾಗಿ ಕುರ್ಚಿಯಲ್ಲೇ ಹಿಂದೆ ಸರಿದರು. ಇವನು ಏನೋ ಪರೀಕ್ಷಿಸುತ್ತಿದ್ದಾನೆ ಎಂದುಕೊಂಡರೋ ಏನೋ, ನಗಲು ಪ್ರಯತ್ನಿಸಿ ಒಂದು ಮಾತು ಹೇಳಿದರು. ಸಿಂಧೂರಾ ತಡೆದು ತಡೆದು ಕನ್ನಡಕ್ಕೆ ತಂದಳು.

"ಪ್ಲಾಸ್ಟರ್ ಗಟ್ಟಿಯಾಗಿದೆ ಅಲ್ವಾ, ನಿಮ್ಮ ವೆಲ್ಡಿಂಗ್ ತರಾನೇ ಅಂತಿದಾರೆ, ಅಂಕಲ್."

ಅದು ತಮಾಷೆಯೋ, ಚುಚ್ಚುಮಾತೋ, ಬರೀ ಸಮಾಧಾನವೋ ಹರಿಹರನಿಗೆ ತಿಳಿಯಲಿಲ್ಲ. ಊರಲ್ಲಾದರೆ ಎದುರಿನವನ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಇಲ್ಲಿ ಕಣ್ಣೆತ್ತಲು ಆಗಲಿಲ್ಲ.

ಅಷ್ಟರಲ್ಲಿ ಓಕುದಾ ಸಾನ್ ಹೆಂಡತಿ ಒಳಗಿನಿಂದ ಹೂವಿನ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಅವನೆದುರು ಇಟ್ಟು, ಹಣೆ ಚಾಪೆಗೆ ತಾಗುವಂತೆ ಬಾಗಿ ಏನೋ ಹೇಳಿದರು. ಬಟ್ಟೆ ಬಿಚ್ಚಿದರೆ ಒಳಗೆ ಅವನ ಬಳೆ. ಎರಡು ತುಂಡು. ತೊಳೆದು ಒರೆಸಿದ್ದರು.

"ಏನಂತವ್ವಾ?" ಎಂದ ಹರಿಹರ. ಅವನ ದನಿ ಎಂದಿಲ್ಲದಷ್ಟು ಸಣ್ಣಗಿತ್ತು.

ಸಿಂಧೂರಾ ಬಳೆಯ ತುಂಡುಗಳನ್ನು ನೋಡುತ್ತ ಹೇಳಿದಳು. "ನೀವು ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಕಟ್ ಮಾಡ್ಬೇಕಾಯ್ತು. ನಮ್ಮವರ ಕಾಲಿನಿಂದಾಗಿ ನಿಮ್ಮ ಕೆಲಸ ಹಾಳಾಯ್ತು, ಸುಮಿಮಾಸೆನ್, ಕ್ಷಮಿಸಿ ಅಂತಿದಾರೆ."

ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಹರಿಹರ ನಿಜವಾಗಿಯೂ ಚಾಪೆಯ ಅಂಚನ್ನು ನೋಡಿದ. ಆ ಹೆಂಗಸಿನ ಮುಖದಲ್ಲಿ ಕೊಂಕಿರಲಿಲ್ಲ. ಗಂಡನ ಕಾಲು ಮುರಿದವನ ಮುಂದೆ, ಅವನ ಪೈಪು ಕೊಯ್ದೆವಲ್ಲ ಎಂದು ಅವರು ಮನಸಾರೆ ನೊಂದುಕೊಂಡಿದ್ದರು. ಸುತ್ತಿಗೆ ಬಡಿದು ತೋರಿಸಿದ್ದ ಗಂಡಸಿನ ಕೆಲಸಕ್ಕೆ ಇಷ್ಟು ಮರ್ಯಾದೆ.

ಹೊರಡುವಾಗ ಓಕುದಾ ಸಾನ್ ಸಿಂಧೂರಾಳಿಗೆ ಮೆಲ್ಲಗೆ ಇನ್ನೇನನ್ನೋ ಹೇಳಿದರು. ಕಾರಿನಲ್ಲಿ ಹರಿಹರ ಎರಡು ಸಲ ಕೇಳಿದ ಮೇಲೆ ಅವಳು ಬಾಯಿ ಬಿಟ್ಟಳು.

"ಉಳಿದ ಮೂರು ಗಾಡೀಲೂ ನಿಮ್ ಬಳೆ ಇನ್ನೂ ಇದೆಯಂತಲ್ಲ. ಗಸ್ತಿನವರು ಅದ್ರೊಳಗೆ ಕಾಲೇ ಇಡ್ತಿಲ್ವಂತೆ. ಹಲಗೆ ಅಂಚಿನ ಮೇಲೆ ಹಿಮ್ಮಡಿ ಇಟ್ಟು ಓಡಿಸ್ತಿದಾರಂತೆ. ಅದು ಇನ್ನೂ ಡೇಂಜರ್, ಬಿದ್ದು ಹೋಗ್ತಾರೆ ಅಂತ ಇವರು ಫೋನಲ್ಲಿ ಹೇಳಿದ್ರಂತೆ, ಆದ್ರೂ..."

"ಮತ್ತ ಕಿತ್ತು ಒಗೀಬೇಕಿಲ್ಲ? ಕೈ ಇಲ್ಲೇನು ಅವರಿಗೆ?"

"ನೀವೇ ತೆಗಿಲಿ ಅಂತ ಕಾಯ್ತಿದಾರೆ, ಅಂಕಲ್. ಬೇರೆಯವರು ತೆಗೆದ್ರೆ ನಿಮಗೆ ಅವಮಾನ ಆಗುತ್ತಲ್ಲ."

ಹರಿಹರ ಕಾರ್ಖಾನೆ ಬರುವವರೆಗೂ ತೊಡೆಯ ಮೇಲಿನ ಹೂವಿನ ಬಟ್ಟೆಯ ಗಂಟನ್ನು ಹಿಡಿದುಕೊಂಡೇ ಇದ್ದ.

ಸೋಮವಾರ ಬೆಳಗ್ಗೆ ಕಿತಾಮುರಾ ಸಾನ್ ಜೊತೆ ಮೇಲಿನ ಮೈದಾನಕ್ಕೆ ಹೋದವನು ಕಣ್ಣಾರೆ ನೋಡಿದ. ನಿಶಿದೆ ಎಂಬ ಗಸ್ತಿನ ಹೆಣ್ಣುಮಗಳು ಹಿಂದೆ ಗಾಯಾಳುಗಳನ್ನು ಎಳೆದು ತರುವ ಖಾಲಿ ಜಾರುಬಂಡಿ ಕಟ್ಟಿಕೊಂಡು ಇಳಿಜಾರಿಗೆ ಅಡ್ಡಲಾಗಿ ಬರುತ್ತಿದ್ದಳು. ಬೂಟುಗಳೆರಡೂ ಬಳೆಯ ಹೊರಗೆ, ಹಲಗೆಯ ತೀರಾ ಅಂಚಿನಲ್ಲಿ. ಗಾಡಿ ಕುಲುಕಿದಾಗ ಬಲಗಾಲು ಜಾರಿ ಗಾಳಿಗೆ ಹೋಯಿತು, ಅವಳು ಹ್ಯಾಂಡಲಿಗೆ ಜೋತು ಬಿದ್ದು ಹೇಗೋ ಮತ್ತೆ ಹತ್ತಿಸಿಕೊಂಡಳು. ಕೆಳಗೆ ಬಂದು ಹರಿಹರನನ್ನು ಕಂಡ ಕೂಡಲೇ, ತಪ್ಪು ಮಾಡುತ್ತಾ ಸಿಕ್ಕಿಬಿದ್ದವಳ ಹಾಗೆ ಎರಡೂ ಬೂಟುಗಳನ್ನು ಸರಕ್ಕನೆ ಬಳೆಯೊಳಗೆ ತೂರಿಸಿಕೊಂಡಳು.

ಅವನು ಅದನ್ನು ಸಹಿಸಲಾರದೆ ಹೋದ. "ತೆಗಿ," ಎಂದು ಕನ್ನಡದಲ್ಲೇ ಗದರಿದ. "ಕಾಲು ತೆಗಿ ಮೊದಲ." ಹುಡುಗಿ ಬೆಚ್ಚಿ ಇಳಿದಳು. ಗದರಬೇಕಾದದ್ದು ಅವಳನ್ನಲ್ಲ ಎಂದು ತಿಳಿದು ಅವನ ಕಿವಿಯವರೆಗೂ ಬಿಸಿಯೇರಿತು. ಅವಳಿಗೂ ಕಿತಾಮುರಾ ಸಾನ್‌ಗೂ ಸೇರಿಸಿ ಒಟ್ಟಿಗೆ ಬಾಗಿದ. ಇವತ್ತು ಒಂದು ದಿನ ಮೂರೂ ಗಾಡಿ ಬೇಕು ಎಂದ. ಕಿತಾಮುರಾ ಸಾನ್ ಮೈದಾನದವರಿಗೆ ಫೋನು ಮಾಡಿದರು. ಅವರು ಆ ದಿನ ಮೇಲಿನ ದಾರಿಗಳನ್ನು ಮುಚ್ಚಿದರು.

ಗಾಡಿಗಳನ್ನು ಕಾರ್ಖಾನೆಗೆ ತಂದು, ಗ್ರೈಂಡರು ಹಿಡಿದು ಬಳೆಗಳನ್ನು ಒಂದೊಂದಾಗಿ ಕೊಯ್ದ. ಸಲೀಸಾಗಿ ಬರಲಿಲ್ಲ. ತನ್ನ ಬೆಸುಗೆಯನ್ನು ತಾನೇ ಬೈದುಕೊಳ್ಳುತ್ತ ಕೊಯ್ದ. ಆಮೇಲೆ ಗಸ್ತಿನವರ ಬೂಟುಗಳನ್ನೆಲ್ಲ ತರಿಸಿಕೊಂಡು ಸಾಲಾಗಿ ನಿಲ್ಲಿಸಿದ, ಎಲ್ಲಕ್ಕಿಂತ ದೊಡ್ಡದನ್ನು ಮುಂದಿಟ್ಟುಕೊಂಡ. ಈ ಸಲದ ಹಿಡಿ ಬೂಟಿನ ಮೂತಿಗಷ್ಟೇ. ಬೆರಳುಗಳ ಆಚೆಗೆ ಪಾದ ಒಳಗೆ ಹೋಗದಂತೆ ಮುಂದೆ ಒಂದು ತಗಡು ನಿಲ್ಲಿಸಿದ. ಹಿಂಬದಿ ಬಯಲು, ಹೊರಬದಿ ಬಯಲು. ಮೇಲಿನ ಕಮಾನು ಎತ್ತರಕ್ಕೆ, ಅಗಲಕ್ಕೆ. ರಬ್ಬರು ಹಿಡಿಯುತ್ತದೆಂದು ಒಳಗೆ ನುಣ್ಣನೆಯ ಪ್ಲಾಸ್ಟಿಕ್ ಕೊಳವೆ ತೊಡಿಸಿದ.

ಮಧ್ಯಾಹ್ನ ಶೆಡ್ಡಿನ ಹಿಂದಿನ ಮೆತ್ತನೆಯ ಹಿಮದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ದೊಡ್ಡ ಬೂಟು ತೊಟ್ಟು ತಾನೇ ಹತ್ತಿ ಕೂತ. ಬೂಟಿಗೆ ನೀರು ಹಾಕಿಸಿ ಹಿಮ ಮೆತ್ತಿಸಿಕೊಂಡಿದ್ದ. "ಕೆಡವಿ" ಎಂದ. ಕಿತಾಮುರಾ ಸಾನ್ ಮತ್ತು ನಿಶಿದೆ ಸಾನ್ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಸುಮಿಮಾಸೆನ್" ಎಂದು ಹೇಳಿ ಗಾಡಿಯನ್ನು ನೂಕಿದರು. ಹಿಮ್ಮಡಿ ಬಿಟ್ಟಿತು, ಮೂತಿ ಬಿಡಲಿಲ್ಲ. ಗಾಡಿ ವಾಲುತ್ತಲೇ ಇತ್ತು. ಕಾಲು ತಿರುಚಿಕೊಳ್ಳಲು ಹೊರಟದ್ದು ಹರಿಹರನಿಗೆ ಗೊತ್ತಾಯಿತು. ನೋವು ಇನ್ನೂ ಬಂದಿರಲಿಲ್ಲ, ಬರುತ್ತದೆ ಎಂಬುದಷ್ಟೇ ಗೊತ್ತಾಯಿತು. ಓಕುದಾ ಸಾನ್‌ಗೆ ಆ ಸಂಜೆ ಇದೇ ಕ್ಷಣ ಹೀಗೆಯೇ ಬಂದಿರಬೇಕು, ಅವರಿಗೆ ಗಾಡಿ ಹಿಡಿಯುವವರು ಯಾರೂ ಇರಲಿಲ್ಲ. ಇಬ್ಬರೂ ಗಾಡಿಯನ್ನು ತಡೆದು ಹಿಡಿದು ಎತ್ತಿದರು. ಅವನು ಹಿಮದಲ್ಲಿ ಮುಖ ಹೂತು ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದ. ಏಳಲಾಗದೆ ಅಲ್ಲ.

ಎದ್ದು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಿಶಿದೆ ಸಾನ್ ಕಡೆ ನೋಡದೆ ಕೇಳಿದ: "ಎಲ್ಲಿ ಹಿಡೀತಿದೆ? ನೀವೇ ಹೇಳಿ."

ಅವಳು ಹಿಂಜರಿದಳು. ಕಿತಾಮುರಾ ಸಾನ್ ಬೇರೆ ಕಡೆ ತಿರುಗಿ ನಿಂತರು.

"ಹೇಳಿ. ಸಿಟ್ಟು ಮಾಡಲ್ಲ," ಎಂದ ಹರಿಹರ. ಹಾಗೆ ಹೇಳಬೇಕಾಗಿ ಬಂದದ್ದಕ್ಕೂ ನಾಚಿಕೆಯಾಯಿತು.

"ಬೂಟಿನ ಕೆಳಗೆ ಹಿಮ ತುಂಬಿಕೊಳ್ಳುತ್ತೆ," ಎಂದಳು ಅವಳು ಬಗ್ಗಿ ಬೆರಳು ತೋರಿಸುತ್ತ. "ತುಳಿದ ಹಾಗೆ ಗಟ್ಟಿಯಾಗುತ್ತೆ. ಮೂತಿ ಮೇಲೆದ್ದು ಕಮಾನಿಗೆ ಒತ್ತುತ್ತೆ. ಬೆಳಗ್ಗೆ ಇರೋ ಜಾಗ ಮಧ್ಯಾಹ್ನಕ್ಕೆ ಇರಲ್ಲ."

ಹಿಮ ಬೆಳೆಯುತ್ತದೆ ಎಂಬುದನ್ನು ರಾಣೇಬೆನ್ನೂರಿನ ಯಾವ ಗಾಡಿಯೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹಲಗೆಯ ಮುಂಭಾಗ ಕೊಯ್ದು ಅಲ್ಲಿ ಜಾಲರಿ ಕೂರಿಸಿದ, ಹಿಮ ಕೆಳಗೆ ಉದುರಿ ಹೋಗಲೆಂದು. ಕಮಾನನ್ನು ಇನ್ನೂ ಎರಡು ಬೆರಳು ಏರಿಸಿದ. ಮತ್ತೆ ಹತ್ತಿ ಕೂತ, ಮತ್ತೆ ಕೆಡವಿಸಿಕೊಂಡ. ಎಡಕ್ಕೆ, ಬಲಕ್ಕೆ, ಇಳಿಜಾರಿನ ಕಡೆಗೆ ಮುಖ ಮಾಡಿ, ಬೆನ್ನು ಮಾಡಿ. ಕಾಲು ಪ್ರತಿ ಸಲವೂ ತಾನಾಗಿ ಕಳಚಿಕೊಂಡಿತು. ನಿಂತು ಓಡಿಸಿದಾಗ ಮಾತ್ರ ಮೂತಿ ತಗಡಿಗೆ ಒತ್ತಿಕೊಂಡು ಜಾರದೆ ನಿಂತಿತು. ಸಂಜೆಯ ಹೊತ್ತಿಗೆ ಅವನ ಸೊಂಟ, ಭುಜ, ಮೊಣಕೈ ಎಲ್ಲ ಜಜ್ಜಿಹೋಗಿದ್ದವು. ಕಿತಾಮುರಾ ಸಾನ್ ಸಾಕು ಎಂದು ಮೂರು ಸಲ ಹೇಳಿದರು. ಹರಿಹರನಿಗೆ ಸಾಕಾಗಿರಲಿಲ್ಲ.

ಮರುದಿನ ಮೈದಾನ ತೆರೆಯುವ ಮೊದಲು ನಿಶಿದೆ ಸಾನ್ ಹೊಸ ಹಿಡಿಯ ಗಾಡಿ ತೆಗೆದುಕೊಂಡು ಮೇಲಕ್ಕೆ ಹೊರಟಳು. ಅವಳ ಮುಖ ನೋಡಲು ಹರಿಹರನಿಗೆ ಧೈರ್ಯವಾಗಲಿಲ್ಲ, ಬೂಟುಗಳನ್ನಷ್ಟೇ ನೋಡಿದ. ಒಳಗಿದ್ದವು. ನಾನು ನಿಂತಿದ್ದೇನೆ ಎಂದು ಇಟ್ಟಿದ್ದಾಳೋ, ಮರಗಳ ಆಚೆ ಹೋದ ಮೇಲೆ ಮತ್ತೆ ಅಂಚಿಗೆ ಇಡುತ್ತಾಳೋ ಎಂಬುದು ತಿಳಿಯುವ ಬಗೆ ಇರಲಿಲ್ಲ. ಮರ್ಯಾದಸ್ಥರು, ಮರ್ಯಾದೆಗಾಗಿ ಕಾಲು ಕೊಡುವವರು. ಗಾಡಿ ದೇವದಾರುಗಳ ಹಿಂದೆ ಮರೆಯಾಯಿತು, ಸದ್ದು ಮಾತ್ರ ಉಳಿಯಿತು, ಅದೂ ನಿಂತಿತು. ಅವನು ಲಿಫ್ಟಿನ ಕಂಬದ ಮರೆಗೆ ಸರಿದು ಕಾದ.

ಸದ್ದು ಮತ್ತೆ ಕೇಳಿಸಿತು. ಇಳಿಜಾರಿಗೆ ಅಡ್ಡಲಾಗಿ ಬರುತ್ತಿದ್ದಳು, ಎದ್ದು ನಿಂತು, ಮೈಯನ್ನು ಬೆಟ್ಟದ ಕಡೆಗೆ ವಾಲಿಸಿ. ಎರಡೂ ಬೂಟು ಒಳಗೇ ಇದ್ದವು. ಅವನು ನೋಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ಬಂದು ನಿಲ್ಲಿಸಿದಳು, ಕಾಲು ತಾನಾಗಿ ಹೊರಗೆ ಬಂತು. ಅವಳು ಬಗ್ಗಿ ನೋಡಲಿಲ್ಲ, ಕಾಲಿನ ಯೋಚನೆಯೇ ಅವಳಿಗಿರಲಿಲ್ಲ. ಕೈಗವಸು ಕಳಚುತ್ತ, ಸಂಗಡಿಗನೊಬ್ಬನ ಜೊತೆ ಬೆಳಗಿನ ಉಪಾಹಾರದ ಬಗ್ಗೆ ಏನೋ ಹೇಳಿ ನಗುತ್ತ ಒಳಗೆ ಹೋದಳು.

ಹರಿಹರ ಕಂಬದ ಮರೆಯಿಂದ ಹೊರಬರಲಿಲ್ಲ. ಬಂದರೆ ಯಾರಾದರೂ ಥ್ಯಾಂಕ್ಸ್ ಹೇಳಿಬಿಟ್ಟಾರೆಂದು ಹೆದರಿ, ಹಿಂದಿನ ದಾರಿಯಿಂದ ಇಳಿದು ಕಾರ್ಖಾನೆಗೆ ನಡೆದ.